ಹೆಸರು ಹೇಳದ ಕಂಪನಿ

ಅಂದು ಬೆಳಗ್ಗೆ ಲತೇಶನಿಗೆ ಬಂದ ಕೆಲಸದ ಆಫರಿನಲ್ಲಿ ಎಲ್ಲವೂ ಇತ್ತು, ಕಂಪನಿಯ ಹೆಸರೊಂದನ್ನು ಬಿಟ್ಟು. 'ದೋಹಾದ ಹೆಸರಾಂತ ಸಂಸ್ಥೆಗೆ ಸ್ಟೋರ್‌ಕೀಪರ್ ಆಗಿ ಆಯ್ಕೆಯಾಗಿದ್ದೀರಿ, ಸಂಜೆ ನಾಲ್ಕಕ್ಕೆ ಸಹಿ ಹಾಕಲು ಬನ್ನಿ' ಎಂದು ಕನ್ಸಲ್ಟೆನ್ಸಿಯವರು ಬರೆದಿದ್ದರು. ಅಷ್ಟು ಹೆಸರಾಂತ ಸಂಸ್ಥೆಗೆ ಹೆಸರು ಹೇಳಿಕೊಳ್ಳಲು ಯಾಕೆ ನಾಚಿಕೆಯೋ ದೇವರಿಗೇ ಗೊತ್ತು. ಆದರೆ ಸಂಬಳ, ಹೆಂಡತಿ ಭವ್ಯಶ್ರೀಯನ್ನೂ ಮಗಳನ್ನೂ ಊರಿನಿಂದ ಕರೆಸಿಕೊಳ್ಳಲು ಫ್ಯಾಮಿಲಿ ವೀಸಾ ಸಿಗುವಷ್ಟಿತ್ತು. ನಾಲ್ಕು ವರ್ಷದಿಂದ ಮಗಳನ್ನು ಮೊಬೈಲಿನಲ್ಲೇ ಬೆಳೆಸುತ್ತಿದ್ದವನಿಗೆ ಇನ್ನೇನು ಬೇಕು?

ದೋಹಾದಲ್ಲಿ ಲತೇಶ ಇದ್ದ, ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡದಲ್ಲಿ ಒಬ್ಬನ ಮೊಬೈಲು ಸದ್ದು ಮಾಡಿದರೆ ಇಡೀ ಮಹಡಿ ಕಿವಿ ನೆಟ್ಟಗೆ ಮಾಡುತ್ತದೆ. ರೂಮ್‌ಮೇಟ್ ನೌಶಾದ್ ಹಲ್ಲುಜ್ಜುತ್ತಲೇ ಹೊರಬಂದ.

"ಹೆಸರು ಹೇಳದ ಕಂಪನಿಯಾ? ಬಿಡು ಮಾರಾಯ! ಕನ್ಸಲ್ಟೆನ್ಸಿಯವರು ಐದು ನಿಮಿಷ ಫೋನಲ್ಲಿ ಮಾತಾಡಿ ಕೆಲಸ ಕೊಡ್ತಾರೆ ಅಂದ್ರೆ ಅಲ್ಲಿ ಒಬ್ಬನೂ ನಿಲ್ಲುವುದಿಲ್ಲ ಅಂತ ಅರ್ಥ."

ಎದುರು ಫ್ಲ್ಯಾಟಿನ ಅಗಾತಾ ಬಾಯಿ ಕ್ಲಿನಿಕ್ಕಿನ ಡ್ಯೂಟಿಗೆ ಹೊರಟವರು ಬಾಗಿಲಲ್ಲೇ ನಿಂತರು. "ಮೊದಲಿದ್ದವ ಯಾಕೆ ಬಿಟ್ಟ ಅಂತ ಕೇಳು ಲತೇಶ್. ಅದನ್ನು ಕೇಳದೆ ಸೈನ್ ಹಾಕಿದ್ರೆ ನಿನ್ನಷ್ಟು ಪೆದ್ದ ಬೇರೆ ಇಲ್ಲ. ಮತ್ತೆ, ಕಾಗದ ಕೈಗೆ ಬರುವವರೆಗೆ ಈಗಿನ ಕೆಲಸ ಬಿಡ್ಬೇಡ, ಆಯ್ತಾ?"

ಕೆಲಸ ಕೊಡಿಸಲು ಬಾರದವರೆಲ್ಲ ಬುದ್ಧಿ ಹೇಳಲು ಮಾತ್ರ ಬೆಳಗ್ಗೆಯೇ ಎದ್ದು ಬರುತ್ತಾರೆ ಎಂದು ಲತೇಶನಿಗೆ ಉರಿಯಿತು. ಆದರೂ ಕನ್ಸಲ್ಟೆನ್ಸಿಯ ಜೆಸಿಕಾಗೆ ಫೋನು ಮಾಡಿ ಕೇಳಿದ.

"ಈಗ ಇರುವವ ಶುದ್ಧ ಸೋಮಾರಿಯಂತೆ ಸರ್. ಯಾವಾಗ ನೋಡಿದ್ರೂ ಮುಖ ಗಂಟು ಹಾಕಿಕೊಂಡು ಇರ್ತಾನಂತೆ. ಓನರಿಗೆ ಸಾಕಾಗಿ ಹೋಗಿದೆ."

"ಅಂಥವನನ್ನು ಯಾವಾಗಲೋ ಓಡಿಸ್ಬೇಕಿತ್ತು ಮೇಡಂ," ಎಂದ ಲತೇಶ, ಖಡಾಖಂಡಿತವಾಗಿ.

ಅದೇ ಹುಮ್ಮಸ್ಸಿನಲ್ಲಿ ಆಫೀಸಿಗೆ ಹೋದ. ಅವನ ಧಣಿ ದೂಮಪ್ಪ ಎಸಿ ರಿಪೇರಿ ಕಂಪನಿ ಇಟ್ಟವರು, ಊರಿನ ಕಡೆಯವರೇ. ಸೇರುವ ದಿನ "ನಾವೆಲ್ಲ ಒಂದೇ ಮನೆಯವರ ಹಾಗೆ" ಎಂದಿದ್ದರು. ಯಾವನಾದರೂ ಧಣಿ ಹಾಗೆಂದರೆ ಅಲ್ಲಿಂದಲೇ ಎದ್ದು ಓಡಬೇಕು. ಓವರ್‌ಟೈಮ್ ಕೇಳಿದರೆ ಮನೆಯವರೊಳಗೆ ಲೆಕ್ಕ ಎಂತದು ಎನ್ನುತ್ತಾರೆ, ರಜೆ ಕೇಳಿದರೆ ಮನೆಗೆ ಯಾರಾದರೂ ರಜೆ ಹಾಕುತ್ತಾರಾ ಎನ್ನುತ್ತಾರೆ.

"ಬಂದೆಯಾ? ದುಖಾನ್ ಪಟ್ಟಣಕ್ಕೆ ಎರಡು ಎಸಿ ಹೋಗ್ಬೇಕು. ಬರುವಾಗ ನನ್ನ ಹೆಂಡತಿಯನ್ನು, ಅಂದ್ರೆ ನಿನ್ನ ಅತ್ತಿಗೆಯನ್ನು, ಪಾರ್ಲರಿನಿಂದ ಕರ್ಕೊಂಡು ಬಾ."

"ಡ್ರೈವರ್ ಎಲ್ಲಿ ದೂಮಪ್ಪಣ್ಣ?"

"ಅವ ಬಿಟ್ಟು ಹೋದ. ಇನ್ನು ಅದೂ ನೀನೇ."

ಲತೇಶನ ತಲೆ ಕಾದ ಬಾಣಲೆಯಾಯಿತು. "ಸ್ಟೋರೂ ನಾನೇ, ಹಾಜರಿ ಬರೆಯುವುದೂ ನಾನೇ, ಈಗ ಪಾರ್ಲರಿಗೂ ನಾನೇಯಾ? ನಾಲ್ಕು ವರ್ಷದಲ್ಲಿ ಒಂದು ರಿಯಾಲ್ ಏರಿಸಿದ್ದೀರಾ? ನನ್ನ ಮಗು ನನ್ನನ್ನು ನೋಡಿದ್ರೆ ಅಂಕಲ್ ಅಂತ ಕರೀತದೆ, ಗೊತ್ತುಂಟಾ ನಿಮಗೆ?"

"ಬೇಡದಿದ್ರೆ ಬಿಡು. ಬರೆದು ಕೊಡು," ಎಂದರು ದೂಮಪ್ಪ.

ಲತೇಶ ನಿಂತಲ್ಲೇ ರಾಜೀನಾಮೆ ಬರೆದು ಮೇಜಿನ ಮೇಲೆ ಎಸೆದ. ರಜೆಯ ಅರ್ಜಿಗೆ ಸಹಿ ಹಾಕಲು ಮೂರು ತಿಂಗಳು ಪೆನ್ನು ಹುಡುಕುತ್ತಿದ್ದ ಮನುಷ್ಯ ಇದಕ್ಕೆ ಅರ್ಧ ನಿಮಿಷದಲ್ಲಿ ಸಹಿ ಹಾಕಿ, "ಖಲಾಸ್" ಎಂದರು. ಅನುಮಾನ ಬರಬೇಕಿತ್ತು. ಆದರೆ ಸಿಟ್ಟು ಬಂದವನಿಗೆ ಅನುಮಾನ ಎಲ್ಲಿಂದ ಬರಬೇಕು?

ನಾಲ್ಕು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕನ್ಸಲ್ಟೆನ್ಸಿಯಲ್ಲಿ ಕೂತಿದ್ದ. "ಓನರ್ ಬಂದ್ರು ಸರ್," ಎಂದಳು ಜೆಸಿಕಾ. ಬಾಗಿಲು ತೆರೆಯಿತು. ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದವರು ದೂಮಪ್ಪ.

ಲತೇಶ ಕುರ್ಚಿಯಿಂದ ಚಂಗನೆ ಎದ್ದ. ಆಮೇಲೆ ಇಬ್ಬರೂ ಸೇರಿ ಜೆಸಿಕಾಳ ಮೇಲೆ ಹರಿಹಾಯ್ದರು.

"ನನಗೆ ಯಾಕೆ ಬೈತೀರಿ?" ಎಂದು ಅವಳೂ ಜೋರು ಮಾಡಿದಳು. "ಇವರು ಬಯೋಡಾಟಾದಲ್ಲಿ ಈಗಿನ ಕಂಪನಿಯ ಹೆಸರು ಬರೆದಿಲ್ಲ, ಧಣಿಗೆ ಗೊತ್ತಾದ್ರೆ ಕಷ್ಟ ಅಂತ. ನೀವು ಕಂಪನಿ ಹೆಸರು ಹಾಕ್ಬೇಡಿ ಅಂದ್ರಿ, ಕೆಲಸದವನಿಗೆ ಗೊತ್ತಾದ್ರೆ ಕಷ್ಟ ಅಂತ. ಯಾರನ್ನಾದ್ರೂ ನೀವೇ ಆರಿಸಿ, ನನಗೆ ಓದ್ಲಿಕ್ಕೆ ಪುರುಸೊತ್ತಿಲ್ಲ ಅಂತಲೂ ಹೇಳಿದ್ರಿ!"

ದೋಹಾದಲ್ಲಿ ಊರಿನವರ ಕಿವಿಗೆ ಬಿದ್ದ ಮಾತು ಚಹಾ ಆರುವ ಮೊದಲು ಊರೆಲ್ಲ ಸುತ್ತುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಹಾಗಾಗಿ ಇಬ್ಬರೂ ಅಡಗಿ ಕೂತಿದ್ದರು, ಒಂದೇ ಮೂಲೆಯಲ್ಲಿ.

ದೂಮಪ್ಪ ಮೊದಲು ಚೇತರಿಸಿಕೊಂಡರು. "ಕೂತ್ಕೋ. ಸೈನ್ ಹಾಕು. ಹೊಸಬನನ್ನು ಹುಡುಕ್ಲಿಕ್ಕೆ ನನಗಿನ್ನು ತಾಳ್ಮೆ ಇಲ್ಲ."

ಲತೇಶ ಕಾಗದ ಎಳೆದುಕೊಂಡ. ದೂಮಪ್ಪ ಪೆನ್ನು ತೆಗೆದು ಸಂಬಳದ ಸಾಲನ್ನು ಹೊಡೆದು ಹಾಕಿ, ಹಳೆಯ ಸಂಬಳ ಬರೆದರು.

"ಇದೆಂತ ದೂಮಪ್ಪಣ್ಣ?"

"ಆ ಸಂಬಳ ಹೊಸಬನಿಗೆ. ನೀನು ಹಳಬ ಅಲ್ವಾ?"

"ಹಾಗಾದ್ರೆ ಈ ವರ್ಷದ ನನ್ನ ರಜೆ?"

"ರಜೆ ಹೇಗೆ ಸಿಗ್ತದೆ? ಬೆಳಗ್ಗೆ ರಾಜೀನಾಮೆ ಕೊಟ್ಟಿದ್ದೀ. ಇವತ್ತಿನಿಂದ ನೀನು ಹೊಸಬ. ಆರು ತಿಂಗಳು ಪ್ರೊಬೇಷನ್."

ಲತೇಶನಿಗೆ ಆ ಪೆನ್ನನ್ನು ಎಲ್ಲಿ ಚುಚ್ಚಬೇಕೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಕೆಲಸವಿಲ್ಲದೆ ಊರಿಗೆ ಹೋಗಿ ಮಗಳ ಎದುರು ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಹಲ್ಲು ಕಚ್ಚಿ ಸಹಿ ಹಾಕಿದ.

ಅಷ್ಟರಲ್ಲಿ ಭವ್ಯಶ್ರೀಯ ಫೋನು ಬಂತು. "ಸೈನ್ ಆಯ್ತಾ? ಮಗು ಇಲ್ಲಿ ಬ್ಯಾಗಿಗೆ ಫ್ರಾಕ್ ತುಂಬಿಸ್ತಾ ಉಂಟು. ಹೊಸ ಧಣಿ ಹೇಗಿದ್ದಾರೆ?"

ಲತೇಶ ಎದುರಿಗೆ ಕೂತ ದೂಮಪ್ಪನವರ ಮುಖವನ್ನೇ ನೋಡುತ್ತಾ ಹೇಳಿದ:

"ಇವನಿಗಿಂತ ಆ ಹಳಬನೇ ವಾಸಿ ಇದ್ದ, ಮಾರಾಯ್ತಿ."