ಹೊನ್ನಯ್ಯನ ಅರ್ಧ ದೋಣಿ

"ದೋಣಿ ಹತ್ತೋಕೆ ಕೇರಳಕ್ಕೆ ಯಾಕೆ ಹೋಗ್ಬೇಕು ಮಾರಾಯ್ತಿ? ಹೊಳೆ ಇಲ್ಲೇ ಇದೆ, ನನ್ನ ಕೈಯೂ ಇಲ್ಲೇ ಇದೆ. ಎರಡು ತಿಂಗಳು ಕೊಡು, ನಾನೇ ಮಾಡಿ ಹತ್ತಿಸ್ತೀನಿ."

ಭದ್ರಾವತಿ ನ್ಯೂ ಟೌನಿನ ಹೊನ್ನಯ್ಯ ಕಾಫಿ ಲೋಟವನ್ನು ಟಪ್ಪನೆ ಕೆಳಗಿಟ್ಟು ಹೀಗೆ ಘೋಷಿಸಿದಾಗ, ಅವನ ಹೆಂಡತಿ ಪ್ರೇಮಮ್ಮ ಕೈಯಲ್ಲಿದ್ದ ಕೇರಳ ಪ್ರವಾಸದ ಬಣ್ಣದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸಕ್ಕರೆ ಡಬ್ಬದ ಕೆಳಗೆ ಇಟ್ಟಳು. ಇಟ್ಟಳು ಅಷ್ಟೆ, ಹರಿಯಲಿಲ್ಲ. ಮೂವತ್ತಾರು ವರ್ಷ ಆ ಮನುಷ್ಯನ ಜೊತೆ ಬಾಳಿದವಳಿಗೆ ಯಾವ ಕಾಗದ ಮುಂದೆ ಬೇಕಾದೀತು ಎಂಬ ಅಂದಾಜಿತ್ತು. ಒಂದೇ ಷರತ್ತು ಹಾಕಿದಳು. ಶಿವರಾತ್ರಿಯೊಳಗೆ ತನ್ನನ್ನು ಆ ದೋಣಿಯಲ್ಲಿ ಕೂರಿಸಿಕೊಂಡು ಹೊಳೆಯ ಈ ದಡದಿಂದ ಆ ದಡಕ್ಕೆ ಮುಟ್ಟಿಸಬೇಕು. ಮುಟ್ಟಿಸಿದರೆ ಕೇರಳದ ಮಾತು ಅವತ್ತಿಗೆ ಮುಗಿಯಿತು. ಮುಟ್ಟಿಸದಿದ್ದರೆ ಅಲ್ಲಿನ ಬೋಟ್‌ಹೌಸಿನಲ್ಲಿ ಎರಡು ದಿನ, ಗೊಣಗದೆ.

ಹೊನ್ನಯ್ಯ ಮೀಸೆಯಡಿ ನಕ್ಕ. ನಗದೇ ಇರುತ್ತಾನೆಯೇ? ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಮೂವತ್ತೆರಡು ವರ್ಷ ಮರ ಕೆತ್ತಿದ ಕೈ ಅದು. ಉಕ್ಕಿನ ಚಕ್ರವೋ ಗಿಯರೋ ಎರಕ ಹೊಯ್ಯಬೇಕಾದರೆ ಮೊದಲು ಅದರ ಮರದ ಮಾದರಿ ಬೇಕು. ಆ ಮಾದರಿ ಮಾಡುವುದು ಹೊನ್ನಯ್ಯನ ಕೆಲಸ. ಕೆಲಸಕ್ಕೆ ಸೇರಿದ ವರ್ಷ ಅವನ ಗುರು ಮೇಸ್ತ್ರಿ ಮೂರ್ತಪ್ಪ ಒಂದು ಎರಡಡಿಯ ಸ್ಟೀಲ್ ಸ್ಕೇಲು ಕೊಟ್ಟಿದ್ದ. ಆ ಸ್ಕೇಲು ಬೆಳಿಗ್ಗೆ ಹೊನ್ನಯ್ಯನ ಜೊತೆ ಶಾಪಿಗೆ ಹೋಗುತ್ತಿತ್ತು, ಸಂಜೆ ಅವನ ಜೊತೆ ಮನೆಗೆ ಬರುತ್ತಿತ್ತು. ಈಗ ರಿಟೈರಾಗಿ ದೇವರ ಕೋಣೆಯ ಗೂಡಿನಲ್ಲಿ ಒರಗಿತ್ತು. ಆಯುಧಪೂಜೆಯ ಮೊದಲ ಕುಂಕುಮ ಅದಕ್ಕೇ.

ಮನೆಯಲ್ಲೂ ಅಳತೆಯೆಂದರೆ ಹೊನ್ನಯ್ಯನ ಇಲಾಖೆ. ಕಿಟಕಿ ಅಳೆಯುವುದು ಅವನು, ಕರ್ಟನ್ ಹೊಲಿಯುವುದು ಪ್ರೇಮಮ್ಮ. ಪ್ರತಿ ಸಲವೂ ಕರ್ಟನ್ ಒಂದಿಂಚು ಗಿಡ್ಡ! ಇಪ್ಪತ್ತು ವರ್ಷದಿಂದ ಹೀಗೇ. ಕೆಳಗಿನ ಸಂದಿಯಿಂದ ಬಿಸಿಲು ನುಗ್ಗಿ ಮುಖಕ್ಕೆ ಬಿದ್ದ ದಿನವೆಲ್ಲ ಹೊನ್ನಯ್ಯನ ಸುಪ್ರಭಾತ ಒಂದೇ: "ನಾಲ್ಕಡಿ ಅಂತ ಹೇಳಿದ್ನಲ್ಲ, ನಾಲ್ಕಡಿ ಕತ್ತರಿಸೋಕೆ ಏನು ಕಷ್ಟ? ನಿನ್ನ ಟೇಪು ಲಂಗದ ಲಾಡಿ ಇದ್ದ ಹಾಗಿದೆ." ಪ್ರೇಮಮ್ಮ ಮೂರು ಸಲ ಹೊಸ ಟೇಪು ಕೊಂಡಳು. ಮೂರರಲ್ಲೂ ಕರ್ಟನ್ ಗಿಡ್ಡವೇ ಆಯಿತು. ಕೊನೆಗೆ ತನ್ನ ಕೈಯೇ ಸರಿಯಿಲ್ಲವೇನೋ ಎಂದುಕೊಂಡು ಸುಮ್ಮನಾದಳು.

ಇರಲಿ, ದೋಣಿಗೆ ಬರೋಣ.

ಮನೆಯೊಳಗೆ ದೋಣಿ ಮಾಡಿದವರು ಕೊನೆಗೆ ಬಾಗಿಲು ಒಡೆಯುತ್ತಾರೆ ಎಂಬುದು ಹೊನ್ನಯ್ಯನಿಗೆ ಗೊತ್ತಿತ್ತು. ಅವನೇನು ಪೆದ್ದನೇ? ಮೊದಲು ಬಾಗಿಲು ಅಳೆದ, ಆಮೇಲೆ ಫೋನಿನಲ್ಲಿ ನಕಾಶೆ ಹುಡುಕಿದ. ಹತ್ತಡಿ ದೋಣಿ, ಆದರೆ ಎರಡು ತುಂಡು. ಒಂದೊಂದು ತುಂಡೂ ನಾಲ್ಕೂ ಕಡೆ ಹಲಗೆ ಮುಚ್ಚಿದ ತೊಟ್ಟಿಯಂತೆ ತಾನೇ ತೇಲುತ್ತದೆ. ನೀರಿನ ಹತ್ತಿರ ಒಯ್ದು, ನಡುವೆ ಆರು ಬೋಲ್ಟು ಬಿಗಿದರೆ ಇಡೀ ದೋಣಿ.

ಎರಡು ತುಂಡು ಎಂದ ಮೇಲೆ ಎರಡು ಜನ ಬೇಕಲ್ಲ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಬೈಕ್ ರಿಪೇರಿ ಮಾಡುವ ಅಬ್ಬಾಸ್ ಅಲಿ ಒಪ್ಪಿಕೊಂಡ. ಹೊನ್ನಯ್ಯನ ಹಳೇ ಸ್ಕೂಟರು ಕೆಟ್ಟು ಶುರುವಾದ ಸ್ನೇಹ, ಸ್ಕೂಟರು ಗುಜರಿಗೆ ಹೋದ ಮೇಲೂ ಓಡುತ್ತಿತ್ತು. ಗಾಂಧಿ ಬಜಾರಿನಲ್ಲಿ ನಕಾಶೆಯನ್ನು ಎರಡು ಪ್ರತಿ ಜೆರಾಕ್ಸ್ ಮಾಡಿಸಿದರು. ಮುಂದಿನ ಅರ್ಧ ಭದ್ರಾವತಿಯ ಮನೆಯ ಹಾಲ್‌ನಲ್ಲಿ, ಹಿಂದಿನ ಅರ್ಧ ಶಿವಮೊಗ್ಗದ ಪೋರ್ಟಿಕೋದಲ್ಲಿ. ದಿನಾ ಸಂಜೆ ಫೋನು.

"ಅಗಲ ಎಷ್ಟಾಯ್ತು ಅಬ್ಬಾಸ್?"

"ನಾಲ್ಕಡಿ, ಕರೆಕ್ಟಾಗಿ. ನಿಮ್ದು?"

"ನಾಲ್ಕಡಿ. ಒಂದು ಕೂದಲೂ ಆಚೀಚೆ ಇಲ್ಲ."

ಎರಡು ತಿಂಗಳು ಪ್ರೇಮಮ್ಮ ಅನ್ನದಲ್ಲಿ ಮರದ ಪುಡಿ ಆರಿಸಿದಳು. ಟೀವಿ ಅಡಿಗೆಮನೆಗೆ ಹೋಯಿತು, ನೆಂಟರು ಹಿತ್ತಿಲ ಬಾಗಿಲಿನಿಂದ ಬಂದರು. ಅವಳು ದಿನಕ್ಕೊಮ್ಮೆ ಸಕ್ಕರೆ ಡಬ್ಬ ಎತ್ತಿ ನೋಡಿ ಮತ್ತೆ ಇಡುತ್ತಿದ್ದಳು.

ಶಿವರಾತ್ರಿಗೆ ಒಂದೇ ದಿನ ಉಳಿದಿದ್ದ ಭಾನುವಾರ ಅಬ್ಬಾಸನ ಅರ್ಧ ಗೂಡ್ಸ್ ಆಟೋದಲ್ಲಿ ಹೊಳೆದಂಡೆಗೆ ಬಂದಿಳಿಯಿತು. ಹೊನ್ನಯ್ಯನ ಅರ್ಧ ಓಣಿಯವರ ಹೆಗಲ ಮೇಲೆ ಬಂತು. ಪಕ್ಕದ ಮನೆಯ ಪುಷ್ಪಮ್ಮ ಆರತಿ ತಟ್ಟೆ ಸಮೇತ ಹಾಜರಾದಳು. ನೀರು ಸೊಂಟದ ಮಟ್ಟಕ್ಕೆ ಇಳಿದು ತಣ್ಣಗೆ ಹರಿಯುತ್ತಿತ್ತು. ಎರಡೂ ಅರ್ಧಗಳನ್ನು ಬೆನ್ನಿಗೆ ಬೆನ್ನು ಹಚ್ಚಿದರು.

ಹೊನ್ನಯ್ಯನ ಅರ್ಧ ಒಂದಿಂಚು ಹೊರಗೆ ಚಾಚಿಕೊಂಡಿತ್ತು. ಬೋಲ್ಟಿನ ತೂತು ಒಂದಕ್ಕೊಂದು ಮುಖ ನೋಡುತ್ತಿರಲಿಲ್ಲ.

ಹೊನ್ನಯ್ಯ ಸ್ಕೇಲು ಇಟ್ಟ. ತನ್ನದು ನಾಲ್ಕಡಿ, ಅಬ್ಬಾಸನದು ಮೂರಡಿ ಹನ್ನೊಂದಿಂಚು. ಗೆದ್ದವನಂತೆ ತಲೆಯೆತ್ತಿದ. ಅಬ್ಬಾಸ್ ತನ್ನ ಟೇಪು ಎಳೆದ. ಅವನದು ನಾಲ್ಕಡಿ, ಹೊನ್ನಯ್ಯನದು ನಾಲ್ಕಡಿ ಒಂದಿಂಚು. ಇಬ್ಬರೂ ಜಾಗ ಬದಲಿಸಿ ಅಳೆದರು, ಬಗ್ಗಿ ಅಳೆದರು, ಕನ್ನಡಕ ಒರೆಸಿಕೊಂಡು ಅಳೆದರು. ಸ್ಕೇಲಿನ ಸತ್ಯ ಒಂದು, ಟೇಪಿನ ಸತ್ಯ ಇನ್ನೊಂದು. ರಾತ್ರಿಯ ಇಬ್ಬನಿಗೆ ಮರ ಉಬ್ಬಿದೆ ಎಂದರು ಕೆಲವರು. ಶಿವಮೊಗ್ಗದ ಅಡಿಯೇ ಚಿಕ್ಕದಿರಬಹುದು ಎಂದಳು ಪುಷ್ಪಮ್ಮ. ಹೊನ್ನಯ್ಯನಿಗೆ ತಲೆ ಗಿರ್ರೆಂದಿತು. ತಲೆ ತಿರುಗಿದಾಗ ನಾಲಿಗೆಯೂ ತಿರುಗುತ್ತದೆ.

"ನಟ್ಟು ತಿರುಗಿಸೋನಿಗೆ ಅಳತೆ ಏನ್ ಗೊತ್ತು," ಎಂದುಬಿಟ್ಟ.

ಅಬ್ಬಾಸ್ ಅಲಿ ಟೇಪನ್ನು ಮೆಲ್ಲಗೆ ಸುತ್ತಿ ಜೇಬಿಗೆ ಹಾಕಿದ. ಆಟೋದಿಂದ ಹಳೇ ಟ್ಯೂಬಿನ ಪಟ್ಟಿ ತಂದು ಎರಡು ಅರ್ಧಗಳನ್ನೂ ಸುತ್ತಿ ಬಿಗಿದು ಗಂಟು ಹಾಕಿದ. "ನಡೀರಿ. ಪ್ರೇಮಮ್ಮೋರು ಕಾಯ್ತಾ ಇದಾರೆ."

ಮುಂದಿನ ಅರ್ಧದಲ್ಲಿ ಹುಟ್ಟು ಹಿಡಿದು ಕ್ಯಾಪ್ಟನ್ ಹೊನ್ನಯ್ಯ, ಸೊಂಟದಲ್ಲಿ ಕತ್ತಿಯಂತೆ ಸ್ಕೇಲು. ಹಿಂದಿನ ಅರ್ಧದಲ್ಲಿ ಪ್ರೇಮಮ್ಮ, ಅವಳಾಚೆ ಅಬ್ಬಾಸ್. ಆರತಿಯಾಯಿತು. ಹೊನ್ನಯ್ಯ ಜೋರಾಗಿ ಹುಟ್ಟು ಎಳೆದ. ದೋಣಿ ಮೊದಮೊದಲು ಕೆಸರಿನಲ್ಲಿ ಜಗ್ಗಿತು. ಇನ್ನೊಮ್ಮೆ ಎಳೆದ. ಹಿಂದೆ ಎಲ್ಲೋ ಪಟ್ ಎಂದಿತು. ಮೀನಿರಬೇಕು ಎಂದುಕೊಂಡ. ಆಮೇಲೆ ನೋಡಿ, ಹೂವಿನ ಹಾಗೆ ಹೊರಟಿತು ದೋಣಿ!

"ನೋಡಿದ್ಯಾ, ಎಷ್ಟು ಹಗುರ," ಎಂದ. ಉತ್ತರವಿಲ್ಲ. ದಡದಲ್ಲಿ ಜನ ಕೂಗುತ್ತಿದ್ದರು. ಹಿಂತಿರುಗದೆಯೇ ಕೈ ಬೀಸಿ ಜೈಕಾರ ಸ್ವೀಕರಿಸಿದ. ಕೇರಳದಲ್ಲಾದರೆ ಈ ಗಾಳಿ ಇದೆಯೇ, ಈ ನೀರಿದೆಯೇ, ಅಲ್ಲಿನ ಕೊಬ್ಬರಿ ಎಣ್ಣೆ ಅಡಿಗೆ ನಿನ್ನ ಹೊಟ್ಟೆಗೆ ಆಗುತ್ತದೆಯೇ ಎಂದು ಹೊಳೆಯುದ್ದಕ್ಕೂ ವಿವರಿಸಿದ. ಪ್ರೇಮಮ್ಮ ಒಂದಕ್ಕೂ ಎದುರಾಡಲಿಲ್ಲ. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಹೆಂಡತಿಯ ಬಾಯಿ ಕಟ್ಟಿತು ಎಂದು ಅವನ ಎದೆ ಉಬ್ಬಿತು. ಆಚೆ ದಡಕ್ಕೆ ಮೂತಿ ತಾಗಿಸಿ, ಕೈಹಿಡಿದು ಇಳಿಸಲೆಂದು ಗಂಭೀರವಾಗಿ ಹಿಂದಕ್ಕೆ ತಿರುಗಿದ.

ಹಿಂದೆ ಹೊಳೆ ಇತ್ತು.

ಹೊಳೆಯಾಚೆ, ಹೊರಟ ಜಾಗದಲ್ಲೇ, ಕೆಸರಿಗೆ ಕಚ್ಚಿಕೊಂಡ ಅರ್ಧ ದೋಣಿಯಲ್ಲಿ ಪ್ರೇಮಮ್ಮ ಛತ್ರಿ ಬಿಚ್ಚಿಕೊಂಡು ಕೂತಿದ್ದಳು. ಅಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು.

"ಆ ದಡ ಹೆಂಗಿದೆ ರೀ?"

"ಚೆನ್ನಾಗಿದೆ."

"ನಾನು ಬಂದ್ನಾ?"

ಹೊನ್ನಯ್ಯ ಫೋನು ಇಟ್ಟು ಕಲ್ಲಿನ ಮೇಲೆ ಕುಕ್ಕರಿಸಿದ. ಎಲ್ಲಿ ತಪ್ಪಿತು? ಸೊಂಟದ ಸ್ಕೇಲನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದ. ಬಿಸಿಲಿಗೆ ಅದರ ಬೆನ್ನಿನ ಮೇಲಿನ ಸವೆದ ಅಕ್ಷರ ಮಿಂಚಿತು: ಉಕ್ಕು, ಅಡಿಗೆ ಕಾಲಿಂಚು. ಕೂಡಲೇ ಮೂರ್ತಪ್ಪನ ಮೊದಲ ದಿನದ ಪಾಠ ಕಿವಿಯಲ್ಲಿ ಮೊಳಗಿತು. ಕಾದ ಉಕ್ಕು ಆರುವಾಗ ಕುಗ್ಗುತ್ತೆ ಮಗ. ಅದಕ್ಕೇ ನಮ್ಮ ಸ್ಕೇಲಿನ ಅಡಿ ಊರಿನ ಅಡಿಗಿಂತ ಕಾಲಿಂಚು ಉದ್ದ. ಇದರಲ್ಲಿ ಎರಕದ ಮಾದರಿ ಬಿಟ್ಟು ಬೇರೇನೂ ಅಳೀಬೇಡ.

ನಾಲ್ಕು ಅಡಿಗೆ ನಾಲ್ಕು ಕಾಲಿಂಚು. ಒಂದಿಂಚು! ಗೊತ್ತಿಲ್ಲದ ವಿಷಯವೇ? ಮೂಗಿನ ಮೇಲಿನ ಕನ್ನಡಕವನ್ನು ಊರೆಲ್ಲ ಹುಡುಕಿದ ಹಾಗಾಯಿತು.

ಸ್ಕೇಲನ್ನು ಹೊಳೆಗೆ ಎಸೆದರೆ ಸಾಕ್ಷಿಯೇ ಇಲ್ಲ. ಕೈ ಎತ್ತಿದ. ಆಚೆ ದಡದಲ್ಲಿ ಅಬ್ಬಾಸ್ ಅಲಿ ಪ್ಯಾಂಟು ಮಡಿಸಿಕೊಂಡು, ಒಬ್ಬನೇ ದೋಣಿಯನ್ನು ಕೆಸರಿನಿಂದ ಎತ್ತಲು ಹೆಣಗುತ್ತಿದ್ದ. ಎತ್ತಿದ ಕೈ ಇಳಿಯಿತು.

ಅರ್ಧ ದೋಣಿಯಲ್ಲೇ ಅಡ್ಡಾದಿಡ್ಡಿ ಹಿಂದೆ ಬಂದು ಓಣಿಯವರ ಎದುರಿಗೇ ಒಪ್ಪಿಕೊಂಡ. ತಪ್ಪು ನಂದೇ ಅಬ್ಬಾಸ್, ಅಂದ ಮಾತಿಗೆ ಹೊಟ್ಟೆಗೆ ಹಾಕಿಕೋ ಎಂದ. ಅಬ್ಬಾಸ್ ಸ್ಕೇಲು ಇಸಿದುಕೊಂಡು ಓದಿದ, ಟೇಪಿಗೆ ಹಚ್ಚಿ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಹಂಗಾದ್ರೆ ಸುಲಭ ಭಾಯ್. ನಿಮ್ಮ ಅರ್ಧನ ಒಲೆ ಮೇಲಿಟ್ಟು ಕಾಯ್ಸಿ ಆರ್ಸೋಣ, ಕುಗ್ಗಿ ಸರಿ ಹೋಗುತ್ತೆ."

ಎಲ್ಲರೂ ನಕ್ಕರು. ಪ್ರೇಮಮ್ಮ ಮಾತ್ರ ನಗಲಿಲ್ಲ. ಸ್ಕೇಲನ್ನು ಕೈಗೆ ತೆಗೆದುಕೊಂಡು ನೇರ ಮನೆಗೆ ನಡೆದಳು. ಚಪ್ಪಲಿ ಬಿಟ್ಟವಳೇ ಹೊಲಿಗೆ ಡಬ್ಬದಿಂದ ಟೇಪು ತೆಗೆದು ಹಾಲ್‌ನ ಕಿಟಕಿಗೆ ಹಿಡಿದಳು. ನಾಲ್ಕಡಿ ಒಂದಿಂಚು. ಕೋಣೆಯ ಕಿಟಕಿಗೆ ಹಿಡಿದಳು. ನಾಲ್ಕಡಿ ಒಂದಿಂಚು. ಹೊನ್ನಯ್ಯ ಗೋಡೆಗೆ ಅಂಟಿ ನಿಂತಿದ್ದ.

"ಇಪ್ಪತ್ತು ವರ್ಷ," ಎಂದಳು ಅವಳು, ಅಷ್ಟೆ.

ಆಮೇಲೆ ಸಕ್ಕರೆ ಡಬ್ಬ ಎತ್ತಿ, ಬಣ್ಣದ ಕಾಗದದ ಮಡಿಕೆ ಬಿಡಿಸಿ ಗಂಡನ ಮುಂದಿಟ್ಟಳು. ಹೊನ್ನಯ್ಯ ಫೋನು ತೆಗೆದು, ಕಾಗದದಲ್ಲಿದ್ದ ನಂಬರು ಒತ್ತುತ್ತ ಮೆಲ್ಲಗೆ ಕೇಳಿದ, ಎರಡು ದಿನ ತಾನೆ ಎಂದು.

ಪ್ರೇಮಮ್ಮ ಸ್ಕೇಲನ್ನು ಸೆರಗಿನಿಂದ ಒರೆಸಿ ಅವನ ಕೈಗೆ ಕೊಟ್ಟಳು.

"ನನ್ನ ಟೇಪಲ್ಲಿ ಎರಡು ದಿನ. ಇದೊಂದನ್ನ ಮಾತ್ರ ನೀವು ನಿಮ್ಮ ಉದ್ದನೆ ಸ್ಕೇಲಲ್ಲೇ ಅಳೀರಿ."