ಮದುವೆ ಕುದುರೆಯ ಮುಂಗಾಲು

ಮಳವಳ್ಳಿ ಕಡೆ ಹಸು, ಎಮ್ಮೆ ನೋಡಿಕೊಂಡು ನೆಮ್ಮದಿಯಾಗಿದ್ದ ದನದ ಡಾಕ್ಟರು ನಾನು. ಪೂರಿಗಾಲಿಯ ಒಬ್ಬರು ಮದುವೆ ಮೆರವಣಿಗೆಗೆಂದು ಬಿಳಿ ಕುದುರೆ ಸಾಕಿದ ಮೇಲೆ ಇಂಥವು ಆಗುತ್ತಲೇ ಇವೆ.

ಸ್ಟೈಲು

ಕುದುರೆ ನಿಂತಾಗೆಲ್ಲ ಒಂದು ಮುಂಗಾಲನ್ನು ಮುಂದಕ್ಕೆ ಚಾಚುತ್ತಿತ್ತು. ಗೊರಸಿನೊಳಗೆ, ಹಿಮ್ಮಡಿ ಕಡೆಯ ಸಣ್ಣ ಮೂಳೆ ಕೆಟ್ಟು ನೋಯುತ್ತಿದೆ ಎಂದೆ.

"ನೋವಲ್ಲ ಡಾಕ್ಟ್ರೇ, ಅದು ಸ್ಟೈಲು. ಫೋಟೋದವ್ರು ಅದ್ಕೇ ಇದನ್ನೇ ಕೇಳ್ತಾರೆ" ಎಂದರು ಕುದುರೆಯವರು.

ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಜೋಪಾನ ಮಾಡಿದರೆ ಕೆಲಸಕ್ಕೆ ಬರುತ್ತದೆ ಎಂದು ಅರ್ಧ ಗಂಟೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಹೇಳಿದರು: "ಆಯ್ತು, ನೋವು ಕಮ್ಮಿ ಮಾಡಿ. ಸ್ಟೈಲ್ ಮಾತ್ರ ಅಂಗೇ ಬುಡಿ."

ಲಾಳ

ಹಿಮ್ಮಡಿ ತುಸು ಎತ್ತರ, ಮುಂದೆ ದುಂಡಗಿರುವ ಲಾಳ ಬೇಕಿತ್ತು. ಮದ್ದೂರಿನಿಂದ ಲಾಳ ಕಟ್ಟುವವರನ್ನು ಕರೆಸಿದೆವು. ಕುದುರೆಯವರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ನನ್ ಇಮ್ಮಡಿ ಒಡ್ದು ಮೂರ್ ವರ್ಸ ಆಯ್ತು. ಒಂದ್ ಜೊತೆ ಮೆತ್ನೆ ಚಪ್ಲಿ ಕಂಡಿಲ್ಲ."

"ನೀನೇನು ಮೆರವಣಿಗೇಲಿ ಓಯ್ತೀಯಾ?" ಎಂದರು ಗಂಡ.

ಆ ದಿನ ಮಧ್ಯಾಹ್ನ ಕುದುರೆಗೆ ಮಾತ್ರ ಊಟ ಸಿಕ್ಕಿತು.

ತೂಕ

ಹಿಂದಿನ ಮದುವೆಯೊಂದರಲ್ಲಿ ಕುದುರೆ ಕುಂಟಿದ್ದನ್ನು ಸುತ್ತಲ ಹಳ್ಳಿಯವರೆಲ್ಲ ನೋಡಿದ್ದರು. ಈಗ ಒಪ್ಪಿಕೊಂಡಿದ್ದ ಹಲಗೂರಿನ ಮದುವೆಯಲ್ಲೂ ಕುಂಟಿದರೆ ಇನ್ನು ಯಾರೂ ಕರೆಯುವುದಿಲ್ಲ, ಮಾರಲೇಬೇಕು. ಕುಂಟು ಕುದುರೆ ಮಾರಿದರೆ ಅದರ ಗತಿ ಏನೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ನನಗೂ ಸಂಕಟವಾಯಿತು.

"ಒಂದ್ ಇಂಜೆಕ್ಷನ್ ಆಕ್ಬುಡಿ" ಎಂದರು ಕುದುರೆಯವರು.

ನೋವು ಮರೆಸಿ ನಡೆಸಿದರೆ ಇನ್ನಷ್ಟು ಕೆಡುತ್ತದೆ, ಆಗಲ್ಲ ಎಂದೆ. ಡಾಂಬರು ಬಿಟ್ಟು ಮಣ್ಣಿನ ಮೇಲೆ ನಡೆಸಿ, ಅರವತ್ತು ಕೆ.ಜಿ. ಮೀರಿ ಹೊರಿಸಬೇಡಿ ಎಂದೆ.

ಅವರು ನೇರವಾಗಿ ಗಂಡಿನ ಮನೆಗೆ ಹೋಗಿ, ಮದುಮಗನನ್ನು ಪಕ್ಕದ ಆಲೆಮನೆಗೆ ಕರೆದೊಯ್ದು ತಕ್ಕಡಿ ಮೇಲೆ ನಿಲ್ಲಿಸಿದರು. ಎಂಬತ್ತೆರಡು.

"ನನ್ ಮಗ ಏನ್ ಬೆಲ್ಲವಾ?" ಎಂದು ತಾಯಿ ರೇಗಿದರು.

"ಬೆಲ್ಲ ಆಗಿದ್ರೆ ಟ್ರ್ಯಾಕ್ಟರ್‌ಗೆ ಆಕ್ತಿದ್ವಿ ಕಣಮ್ಮ."

ಕೊನೆಗೆ ರಾಜಿಯಾಯಿತು. ಮದುಮಗ ಲಗಾಮು ಹಿಡಿದು ನಡೆಯುವುದು, ಛತ್ರದ ಮುಂದೆ ಫೋಟೋಗೆ ಮಾತ್ರ ಹತ್ತುವುದು.

ಮದುವೆ ದಿನ ನಾನೂ ಹೋದೆ. ಕುದುರೆ ರಸ್ತೆ ಪಕ್ಕದ ಮಣ್ಣಿನಲ್ಲಿ ಹೊಸ ಲಾಳ ಊರುತ್ತ ಸರಾಗವಾಗಿ ಬಂತು. ಹೊಸ ಬೂಟು ಕಚ್ಚಿ ಮದುಮಗ ಹೆಜ್ಜೆಹೆಜ್ಜೆಗೂ ವಾಲುತ್ತಿದ್ದ. ಕುಂಟು ಕುದುರೆಯ ಸುದ್ದಿ ಕೇಳಿದ್ದ ಹೆಣ್ಣಿನ ಸೋದರಮಾವ ಛತ್ರದ ಮೆಟ್ಟಿಲ ಮೇಲೆ ನಿಂತು, ಬಾಜಾ ಬಜಂತ್ರಿಯ ನಡುವೆ ಆ ನಾಲ್ಕು ಕಾಲನ್ನೂ ಈ ಎರಡು ಕಾಲನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಇಳಿದು ಬಂದು ಕುದುರೆಯವರನ್ನು ಕೇಳಿದರು: "ಕುಂಟು ಅಂತಿದ್ರಲ್ಲ, ಇದೇನಾ?"

ಕುದುರೆಯವರು ಮದುಮಗನ ಕೈಯಿಂದ ಲಗಾಮು ತೆಗೆದುಕೊಂಡರು.

"ಕುಂಟ್ತಿರೋದು ನಮ್ದಲ್ಲ ಕಣಣ್ಣ. ಇವತ್ತಿಂದ ಅದು ನಿಮ್ದು."