ಪಸುಪು ಪಚ್ಚ ಸಿಂಥಸೈಜರ್

"ಪ್ಯಾನೆಲ್ಲಿಗೆ ಬಣ್ಣ ಆರಿಸಬೇಕು. ಬೇಕಾಗುವ ಸಮಯ: ಅರ್ಧ ಗಂಟೆ." ಆಗಸ್ಟ್ 3ರಂದು ನನ್ನ ಡೈರಿಯಲ್ಲಿ ಹೀಗೆ ಬರೆದಿದ್ದೇನೆ. ಅಕ್ಷರ ದುಂಡಾಗಿದೆ, ಕೆಳಗೆ ಸ್ಕೇಲಿಟ್ಟು ಎಳೆದ ಗೆರೆಯೂ ಇದೆ. ಹೇಳಿದ್ದು ನಿಜವಲ್ಲ ಎನ್ನುವುದೊಂದೇ ಆ ಸಾಲಿನ ದೋಷ.

ನಾನು ವಿಶಾಖಪಟ್ಟಣದ ಹತ್ತಿರ ಪರವಾಡದ ಒಂದು ಔಷಧಿ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮಾತ್ರೆಗಳ ಬಣ್ಣ ಒಂದೇ ಸಮನಾಗಿದೆಯೇ ಎಂದು ನೋಡಿ ಸಹಿ ಹಾಕುವುದು ಅಲ್ಲಿ ನನ್ನ ಜವಾಬ್ದಾರಿ. ಹೀಗಾಗಿ ಬಣ್ಣದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ನಂಬಿಕೆ ನನಗಿತ್ತು. ಈಗ ಇಲ್ಲ.

ಸಿಂಥಸೈಜರ್ ಎಂದರೆ ಗುಂಡಿ ತಿರುಗಿಸಿ ಕರೆಂಟಿನಿಂದ ಸ್ವರ ಹೊರಡಿಸುವ ಪೆಟ್ಟಿಗೆ. ತುಮಕೂರಿನ ಮನೆಯಲ್ಲಿ ಕೂತು, ಎಂಟು ತಿಂಗಳು ಬೆಸುಗೆ ಹಾಕಿ ನಾನೇ ಅದನ್ನು ಮಾಡಿದ್ದೆ. ಮದುವೆಯಾಗಿ ವಿಶಾಖಪಟ್ಟಣಕ್ಕೆ ಬರುವಾಗ ಸೀರೆಗಳ ನಡುವೆ ಸುತ್ತಿಕೊಂಡು ತಂದಿದ್ದೆ. ಹನ್ನೆರಡು ಗುಂಡಿ, ಹನ್ನೆರಡು ಸಾಕೆಟ್ಟು, ಮುಂದೆ ಒಂದು ಅಲ್ಯೂಮಿನಿಯಂ ಪ್ಯಾನೆಲ್. ಸಾಕೆಟ್ಟುಗಳ ಅರ್ಥಿಂಗಿಗೆ ಬೇರೆ ಬೇರೆ ತಂತಿ ಎಳೆಯದೆ ಎಲ್ಲವನ್ನೂ ಆ ಪ್ಯಾನೆಲ್ಲಿನ ಲೋಹದ ಮೂಲಕವೇ ಸೇರಿಸಿದ್ದೆ. "ಹನ್ನೆರಡು ತುಂಡು ತಂತಿ ಉಳಿತಾಯ. ಬುದ್ಧಿವಂತಿಕೆ" ಎಂದು ಆವತ್ತಿನ ಡೈರಿಯಲ್ಲಿ ನನ್ನನ್ನು ನಾನೇ ಹೊಗಳಿಕೊಂಡಿದ್ದೇನೆ. ದಯವಿಟ್ಟು ಈ ಸಾಲನ್ನು ನೆನಪಿಟ್ಟುಕೊಳ್ಳಿ. ನಾನು ಮರೆತೆ.

ಬಣ್ಣದ ಅಗತ್ಯ ಬಿದ್ದದ್ದು ಶಾಂತಕ್ಕನಿಂದ. ಅವರ ಯಜಮಾನರು ನೌಕಾದಳದಲ್ಲಿದ್ದಾರೆ, ಊರು ಧಾರವಾಡ ಕಡೆ. ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಪ್ರಾರ್ಥನೆ ಹಾಡುವವರು ಅವರೇ. ಜುಲೈ ಕೊನೆಯ ಭಾನುವಾರ ಸಂಘದ ಸಭೆಯಲ್ಲಿ ಅವರು ದುಃಖ ತೋಡಿಕೊಂಡರು.

"ನನ್ನ ಶ್ರುತಿಪೆಟಿಗಿ ಕೆಟ್ಟು ಕುಂತೈತಿ ನೋಡ್ರಿ. ಮೊಬೈಲ್‌ದಾಗ ಶ್ರುತಿ ಹಚ್ಚಿದ್ರ ನಡಕ ಯಾರರ ಫೋನ್ ಮಾಡ್ತಾರ. ಹೋದ ವರ್ಷ ಸರಸ್ವತಿನ್ನ ಕರ್ಯಾಕ ಹತ್ತಿದ್ದೆ, ಗ್ಯಾಸಿನಾಂವ ಬಂದ."

"ನನ್ನ ಹತ್ತಿರ ನಾನೇ ಮಾಡಿದ ಸಿಂಥಸೈಜರ್ ಇದೆ. ಶ್ರುತಿ ನಾನು ಕೊಡುತ್ತೇನೆ" ಎಂದು ನಾನು ಎದ್ದು ನಿಂತು ಹೇಳಿದೆ. ಮೂವತ್ತೆರಡು ತಲೆಗಳು ನನ್ನ ಕಡೆ ತಿರುಗಿದವು. (ಎಣಿಸಿದ್ದೇನೆ.) ಊರಿಗೆ ಬಂದು ಐದು ತಿಂಗಳಾದರೂ ನನ್ನನ್ನು ಎಲ್ಲರೂ "ಆ ಬ್ಯಾಂಕಿನ ಶ್ರೀಕಾಂತನ ಹೆಂಡತಿ" ಎಂದೇ ಕರೆಯುತ್ತಿದ್ದರು. ನವೆಂಬರ್ 1ರಂದು ನನಗೂ ಒಂದು ಹೆಸರು ಬರಬೇಕಿತ್ತು. ಅದಕ್ಕೆ ಆ ಬೋಳು ಅಲ್ಯೂಮಿನಿಯಂ ಮುಖ ಸಾಲದು.

ಹಸಿರು ಎಂದು ತೀರ್ಮಾನಿಸುವುದಕ್ಕೆ ಹದಿನಾಲ್ಕು ದಿನ ಹಿಡಿಯಿತು. ಯಾವ ಹಸಿರು ಎಂದು ತೀರ್ಮಾನಿಸುವುದಕ್ಕೆ ಮೂವತ್ತಾರು. ದ್ವಾರಕಾ ನಗರದ ಪೇಂಟಿನ ಅಂಗಡಿಯಿಂದ ತಂದ ಬಣ್ಣದ ಚೀಟಿಗಳನ್ನು ಟ್ಯೂಬ್‌ಲೈಟಿನಲ್ಲಿ, ಬಿಸಿಲಿನಲ್ಲಿ, ಸಮುದ್ರದ ದಂಡೆಯ ಮೋಡದ ಬೆಳಕಿನಲ್ಲಿ ಹಿಡಿದು ನೋಡಿದೆ. ಕಂಪನಿ ಬಸ್ಸಿನಲ್ಲಿ ಒಂಬತ್ತು ಜನರನ್ನು ಕೇಳಿದೆ. ಹನ್ನೊಂದು ಅಭಿಪ್ರಾಯ ಬಂದವು, ಏಕೆಂದರೆ ಇಬ್ಬರು ಸಂಜೆಯ ಬಸ್ಸಿನಲ್ಲಿ ಮಾತು ಬದಲಿಸಿದರು.

ಶ್ರೀಕಾಂತ್ ವಿಜಯವಾಡದವರು. ಅವರ ಕನ್ನಡಕ್ಕೆ ನಾನು ಗುರು, ನನ್ನ ತೆಲುಗಿಗೆ ಅವರು ಗುರು. ಇಬ್ಬರೂ ಇನ್ನೂ ಪಾಸಾಗಿಲ್ಲ.

"ಇದು ಹಸಿರು. ಇದೂ ಹಸಿರು. ಅದು ಕೂಡ ಹಸಿರು," ಎಂದರು ಅವರು, ಚೀಟಿಗಳನ್ನು ಇಸ್ಪೀಟಿನಂತೆ ಹಿಡಿದು. "ಇದರಲ್ಲಿ ಆರಿಸೋದು ಏನುಂದಿ ಮೇಘನಾ?"

"ನಿಮಗೆ ಕಣ್ಣಿಲ್ಲ ರೀ. ಇದು ಎಳೆ ಬಾಳೆಯೆಲೆ, ಇದು ಬಲಿತ ಬಾಳೆಯೆಲೆ."

"ಎರಡರ ಮೇಲೂ ಊಟ ಮಾಡಬಹುದು ಕದಾ?"

ಬಲಿತ ಬಾಳೆಯೆಲೆಯೇ ಗೆದ್ದಿತು.

ಬಣ್ಣ ಹೊಡೆಯುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಶ್ರೀಕಾಂತರ ಚಿಕ್ಕಪ್ಪ, ಅಂದರೆ ನಾವು ಬಾಬಾಯಿ ಎನ್ನುವವರು, ವಿಜಯವಾಡದ ಆಟೋನಗರ್‌ನಲ್ಲಿ ನಲವತ್ತು ವರ್ಷದಿಂದ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದಾರೆ. ಮನೆಯಲ್ಲೇ ಪೇಂಟರ್ ಇರುವಾಗ ಹೊರಗೆ ಕೊಟ್ಟರೆ ಮುಂದಿನ ಮೂರು ಮದುವೆಗಳಲ್ಲಿ ಯಾರೂ ನಮ್ಮನ್ನು ಮಾತನಾಡಿಸುವುದಿಲ್ಲ. ಪ್ಯಾನೆಲ್ಲನ್ನು ಬಿಚ್ಚಿ ಪಾರ್ಸೆಲ್ ಮಾಡಿದೆ.

"ಬಾಬಾಯಿ ಜೊತೆ ನಾನು ಮಾತಾಡಲಾ?" ಎಂದರು ಶ್ರೀಕಾಂತ್.

"ಬೇಡ. ನನ್ನ ಯಂತ್ರ, ನಾನೇ ಮಾತಾಡುತ್ತೇನೆ. ತೆಲುಗಿನಲ್ಲೇ."

ನನ್ನ ತೆಲುಗು ಒಂದು ಪದ್ಧತಿಯ ಮೇಲೆ ನಿಂತಿತ್ತು. ತೆಲುಗಿನ 'ಪ' ಕನ್ನಡಕ್ಕೆ ಬಂದರೆ 'ಹ' ಆಗುತ್ತದೆ. ಪಾಲು ಹಾಲು, ಪುಲಿ ಹುಲಿ, ಪುವ್ವು ಹೂವು, ಪಾಮು ಹಾವು. ಡೈರಿಯ ಹಿಂದಿನ ಪುಟದಲ್ಲಿ ಇಂಥ ಹತ್ತೊಂಬತ್ತು ಜೋಡಿಗಳ ಪಟ್ಟಿ ಮಾಡಿದ್ದೆ. ಒಂದೂ ತಪ್ಪಿರಲಿಲ್ಲ.

ಅಕ್ಟೋಬರ್ 5, ಭಾನುವಾರ ಬೆಳಿಗ್ಗೆ ಫೋನ್ ಮಾಡಿದೆ. ಹಸಿರಿಗೆ ನಮ್ಮಲ್ಲಿ ಪಚ್ಚೆ ಎನ್ನುವುದುಂಟಷ್ಟೆ. ಆದ್ದರಿಂದ "ಪಚ್ಚ ರಂಗು ಬಾಬಾಯಿ" ಎಂದೆ.

ಬಾಬಾಯಿ ಒಂದು ಕ್ಷಣ ಯೋಚಿಸಿ, "ಪಸುಪು ಪಚ್ಚ ಕದಾ ಅಮ್ಮಾ?" ಎಂದರು.

ಪಸುಪು. ನಾನು ಮನಸ್ಸಿನಲ್ಲೇ 'ಪ' ತೆಗೆದು 'ಹ' ಇಟ್ಟೆ. ಹಸುಪು. ಹಸುರು! ಇಪ್ಪತ್ತನೆಯ ಜೋಡಿ ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು.

"ಅವುನು ಬಾಬಾಯಿ. ಪಸುಪು ಪಚ್ಚ. ಅದೇ ಬೇಕು."

"ಚಾಲಾ ಮಂಚಿದಮ್ಮಾ" ಎಂದು ಅವರು ಬಹಳ ಸಂತೋಷಪಟ್ಟರು. ಒಬ್ಬ ಹೊಸ ಸೊಸೆ ಇಷ್ಟು ಲಕ್ಷಣವಾದ ಬಣ್ಣ ಕೇಳಿದಳಲ್ಲ ಎಂಬುದು ಆ ಸಂತೋಷದ ಕಾರಣವೆಂದು ನನಗೆ ಆಮೇಲೆ ತಿಳಿಯಿತು.

ಬಾಯಿಮಾತು ಸಾಲದು ಎಂದು ಕಾರ್ಖಾನೆಯ ಪದ್ಧತಿಯಂತೆ ಒಂದು ಸೂಚನಾಪತ್ರವನ್ನೂ ಕಳುಹಿಸಿದೆ. ಒಟ್ಟು ಎಂಟು ಕಲಮು. ಕಲಮು 1: ಬಣ್ಣ ಪಸುಪು ಪಚ್ಚ. ಕಲಮು 4: ಮ್ಯಾಟ್ ಫಿನಿಶ್, ಹೊಳೆಯಬಾರದು. ಕಲಮು 6: ಗುಂಡಿಗಳ ಕೆಳಗೆ ಈ ಹನ್ನೆರಡು ಹೆಸರು ಕೈಯಲ್ಲಿ ಬರೆಯಬೇಕು. ಹೆಸರುಗಳನ್ನು ಅಲೆ, ದನಿ, ಸೋಸು, ಏರು, ಇಳಿ ಎಂದು ಮುಂತಾಗಿ ಅಚ್ಚಕನ್ನಡದಲ್ಲಿ ಬರೆದು ಚಿತ್ರ ತೆಗೆದು ಕಳುಹಿಸಿದ್ದೆ. ಕಲಮು 7: ವಿಶಾಖಪಟ್ಟಣದ ಉಪ್ಪುಗಾಳಿಗೆ ನಮ್ಮ ಕಿಟಕಿಯ ಸರಳುಗಳೇ ತುಕ್ಕು ಹಿಡಿದಿವೆ, ಆದ್ದರಿಂದ ಮುಂದೆ, ಹಿಂದೆ, ಅಂಚಿನಲ್ಲಿ, ತೂತುಗಳ ಒಳಗೆ, ಎಲ್ಲಿಯೂ ಬರಿಯ ಲೋಹ ಉಳಿಯಬಾರದು. ಕಲಮು 7ರ ಕೆಳಗೆ ಎರಡು ಗೆರೆ ಎಳೆದಿದ್ದೆ.

ಫೋಟೊ ಕಳುಹಿಸಿ ಎಂದು ಎಂಟು ಸಲ ಕೇಳಿದೆ. ಪ್ರೈಮರ್ ಹೊಡೆದ ಬೂದು ಹಲಗೆಯ ಚಿತ್ರ ಒಂದು ಬಂತು. "ಮಿಕ್ಕಿದ್ದು ಕಣ್ಣಾರೆ ನೋಡು" ಎಂದರು ಬಾಬಾಯಿ.

ಅಕ್ಟೋಬರ್ 31ರ ಮಧ್ಯಾಹ್ನ ಶ್ರೀಕಾಂತ್ ವಿಜಯವಾಡದ ರೈಲಿನಿಂದಿಳಿದು ಬಂದರು. ಕೈಯಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ಪ್ಯಾನೆಲ್. ದಾರಿಯಲ್ಲಿ ಬಿಚ್ಚಬಾರದೆಂದು ಬಾಬಾಯಿಯ ಆಜ್ಞೆಯಾಗಿತ್ತಂತೆ. ಮೇಜಿನ ಮೇಲೆ ಬಿಚ್ಚಿದೆವು.

ಕೋಣೆಗೆ ಬೆಳಕು ಬಂದಂತಾಯಿತು. ಹಲಗೆ ಹಳದಿಯಾಗಿತ್ತು. ಹೊಚ್ಚ ಹೊಸ ಲಾರಿಯ ಮುಖದಂತೆ ಮಿರಮಿರ ಮಿಂಚುತ್ತಿತ್ತು. ನಾಲ್ಕು ಮೂಲೆಗೆ ನಾಲ್ಕು ತಾವರೆ.

"ಚಾಲಾ ಬಾಗುಂದಿ" ಎಂದರು ಶ್ರೀಕಾಂತ್. ನನ್ನ ಮುಖ ನೋಡಿ, "ಬಾಗಲೇದು" ಎಂದು ಚೆನ್ನಾಗಿದೆಯನ್ನು ಚೆನ್ನಾಗಿಲ್ಲ ಮಾಡಿದರು.

"ರೀ, ಇದು ಹಳದಿ."

"ಹೌದು."

"ನಾನು ಹೇಳಿದ್ದು ಹಸಿರು."

"ಏನು ಅಂತ ಹೇಳಿದೆ?"

"ಪಸುಪು ಪಚ್ಚ."

ಶ್ರೀಕಾಂತ್ ನಿಧಾನವಾಗಿ ಕುರ್ಚಿಯ ಮೇಲೆ ಕೂತರು. ಮತ್ತೆ ಎದ್ದು ಅಡುಗೆಮನೆಗೆ ಹೋಗಿ ಒಂದು ಡಬ್ಬಿ ತಂದು ಮುಚ್ಚಳ ತೆಗೆದರು.

"ಇದು ಏನು?"

"ಅರಿಶಿನ."

"ತೆಲುಗಲ್ಲಿ ಇದೇ ಪಸುಪು." ಇನ್ನೊಂದು ಕೈಯಲ್ಲಿ ತಂದಿದ್ದ ಕರಿಬೇವಿನ ಎಸಳನ್ನು ಎತ್ತಿ ಹಿಡಿದರು. "ಇದು ಆಕು. ಆಕುಪಚ್ಚ ಅಂದರೆ ಹಸಿರು. ಪಸುಪು ಪಚ್ಚ ಅಂದರೆ ಹಳದಿ. ಮದುವೆಯಲ್ಲಿ ನಿನಗೆ ಎರಡು ದಿನ ಪಸುಪು ಹಚ್ಚಿದರು. ಪಸುಪು, ಪಸುಪು ಅಂತ ಕೂಗಿದರು. ಕೇಳಿಸಲಿಲ್ಲವಾ?"

ಡೈರಿ ತೆರೆದು ನೋಡಿದೆ. ಮದುವೆಯ ಮೂರು ದಿನ ಖಾಲಿಯಾಗಿದ್ದವು. ನನ್ನ ಇಡೀ ಜೀವನದಲ್ಲಿ ಬರೆಯದೆ ಬಿಟ್ಟ ದಿನಗಳು ಆ ಮೂರೇ.

ಬಾಬಾಯಿಗೆ ಫೋನ್ ಮಾಡಿ ಚೆನ್ನಾಗಿದೆ ಎಂದೆ. ಬೇರೇನು ಹೇಳಲಿ? ಅವರ ಮಾತಿನಿಂದ ಇನ್ನೂ ಎರಡು ವಿಷಯ ಹೊರಬಿದ್ದವು.

"ಮ್ಯಾಟ್ ಅಂತ ಬರೆದಿದ್ದೆ ನೀನು. ನಮ್ಮ ಮನೆಯ ಹೊಸ ಸೊಸೆಯ ಸಾಮಾನು ಮಂಕಾಗಿ ಹೋದರೆ ಆಟೋನಗರ್‌ನಲ್ಲಿ ನಾನು ತಲೆಯೆತ್ತಿ ತಿರುಗುವುದು ಹೇಗಮ್ಮಾ? ಮೇಲೆ ಎರಡು ಕೈ ವಾರ್ನಿಷ್ ಎಳೆದಿದ್ದೇನೆ. ಇನ್ನೊಂದು. ನಿನ್ನ ತೆಲುಗು ಮಾತು ಚೆನ್ನಾಗಿದೆ, ಬರವಣಿಗೆಯಲ್ಲಿ ಮಾತ್ರ ತಲಕಟ್ಟು ಎಲ್ಲ ತಪ್ಪು. ಹನ್ನೆರಡು ಪದವನ್ನೂ ತಿದ್ದಿ ಬರೆದಿದ್ದೇನೆ. ನಾಚಿಕೊಳ್ಳಬೇಡ. ನನ್ನ ಮಗನೂ ಹೀಗೇ ಬರೆಯೋದು, ಇಂಗ್ಲಿಷ್ ಮೀಡಿಯಂ."

ಹಲಗೆಯನ್ನು ಹತ್ತಿರದಿಂದ ನೋಡಿದೆ. ಹನ್ನೆರಡು ಗುಂಡಿಗಳ ಕೆಳಗೆ ಮುತ್ತಿನಂಥ ಅಕ್ಷರ. ಮುತ್ತಿನಂಥ ತೆಲುಗು ಅಕ್ಷರ. ನಾಳೆ ಕನ್ನಡ ರಾಜ್ಯೋತ್ಸವ.

ಮತ್ತೆ ಬಣ್ಣ ಹೊಡೆಸಲು ಸಮಯವಿಲ್ಲ, ಹೊಡೆಸಿದರೆ ಬಾಬಾಯಿ ಬಿಡುವುದಿಲ್ಲ. ಉಳಿದದ್ದು ಗುಂಡಿಗಳ ಟೊಪ್ಪಿಗೆ. ಹಸಿರಿಗೆ ಹೊಂದಲೆಂದು ತಂದಿಟ್ಟಿದ್ದ ಬೂದು ಟೊಪ್ಪಿಗೆಗಳು ಈ ಹಳದಿಯ ಮೇಲೆ ಸತ್ತ ನೊಣಗಳಂತೆ ಕಂಡವು. ಕಪ್ಪು ಹಾಕಿದರೆ ಆಟೋರಿಕ್ಷಾ. ಬಿಳಿ ಹಾಕಿದರೆ ಮೊಟ್ಟೆ.

"ಪಸುಪು ಇದ್ದ ಕಡೆ ಕುಂಕುಮ ಇರಬೇಕು ಕದಾ?" ಎಂದರು ಶ್ರೀಕಾಂತ್.

ಓಡಿ ಹೋಗಿ ಕೆಂಪು ಟೊಪ್ಪಿಗೆ ತಂದೆ. ಜೋಡಿಸಿ, ದೂರದಿಂದ ನೋಡಿ, ತೆಗೆದು, ಮತ್ತೆ ಜೋಡಿಸಿ ಮುಗಿಸುವಷ್ಟರಲ್ಲಿ ಮರುದಿನದ ಆಟೋ ಬಾಗಿಲಿಗೆ ಬಂದಿತ್ತು.

ಸಭಾಂಗಣದಲ್ಲಿ ಶಾಂತಕ್ಕ ರೇಷ್ಮೆ ಸೀರೆಯುಟ್ಟು ಮೈಕಿನ ಮುಂದೆ ಕೂತಿದ್ದರು. ಯಂತ್ರವನ್ನು ಪಕ್ಕದಲ್ಲಿಟ್ಟು ಸ್ಪೀಕರಿಗೆ ಜೋಡಿಸಿದೆ. ಸಭೆ ನಿಶ್ಶಬ್ದವಾಯಿತು. ನಾನು ಗಂಭೀರವಾಗಿ ಕೂತೆ. ಏನೂ ಆಗಲಿಲ್ಲ.

"ಸ್ವಿಚ್" ಎಂದು ಮುಂದಿನ ಸಾಲಿನಿಂದ ಶ್ರೀಕಾಂತ್ ಪಿಸುಗುಟ್ಟಿದರು.

ಸ್ವಿಚ್ ಹಾಕಿದೆ. "ಗುಂಯ್" ಎಂದಿತು. ಶ್ರುತಿಯನ್ನು ಹೊಂದಿಸಲು ಮೊದಲ ಗುಂಡಿ ತಿರುಗಿಸಿದೆ. ಗುಂಯ್. ಎರಡನೆಯದು. ಗುಂಯ್. ಏಳನೆಯ ಗುಂಡಿ ಯಾವುದೆಂದು ಓದಹೋದರೆ ತೆಲುಗು. ಹನ್ನೆರಡನ್ನೂ ತಿರುಗಿಸಿದೆ. ಅದೇ ಗುಂಯ್.

ಆಗ ಕಲಮು 7 ನೆನಪಾಯಿತು. ಎಲ್ಲಿಯೂ ಬರಿಯ ಲೋಹ ಉಳಿಯಬಾರದು. ಕಲಮು 1ರಂತೆ ಅದನ್ನೂ ಬಾಬಾಯಿ ಅಕ್ಷರಶಃ ಪಾಲಿಸಿದ್ದರು. ಸಾಕೆಟ್ಟುಗಳು ಮುಟ್ಟಬೇಕಾದ ಕಡೆಯೆಲ್ಲ ಬಣ್ಣ ಕೂತಿತ್ತು. ಅರ್ಥಿಂಗ್ ಪೂರ್ತಿ ಕಡಿದುಹೋಗಿತ್ತು. ಈಗ ಸ್ಪೀಕರಿನಲ್ಲಿ ಕೇಳುತ್ತಿದ್ದುದು ನನ್ನ ಯಂತ್ರವಲ್ಲ, ಗೋಡೆಯೊಳಗಿನ ಕರೆಂಟು. ಬೋಳು ಪ್ಯಾನೆಲ್ಲಿನಲ್ಲಿ ಹದಿನೇಳು ಸಲ ಪರೀಕ್ಷಿಸಿದ್ದೆ. ಬಣ್ಣ ಹೊಡೆಸಿದ ಮೇಲೆ ಒಮ್ಮೆಯೂ ಇಲ್ಲ. ಟೊಪ್ಪಿಗೆ ಆರಿಸುತ್ತಿದ್ದೆ.

ಎದ್ದು ಕ್ಷಮೆ ಕೇಳೋಣವೆಂದು ಸ್ವಿಚ್ಚಿನ ಕಡೆ ಕೈ ಚಾಚಿದೆ. ಶಾಂತಕ್ಕ ನನ್ನ ಮಣಿಕಟ್ಟು ಹಿಡಿದರು. ಕಣ್ಣು ಮುಚ್ಚಿದ್ದರು.

"ನಿಂದ್ರು ಯವ್ವಾ. ಮುಟ್ಟಬ್ಯಾಡ. ಐದು ಮನಿ ಶ್ರುತಿ, ಎಷ್ಟ್ ಹದಕ್ಕ ಕುಂತೈತಿ. ಇಂಥಾ ಗಂಭೀರ ದನಿ ನನ್ನ ಪೆಟಿಗಿಗೆ ಎಂದೂ ಬಂದಿರಲಿಲ್ಲ."

ಅವರು ಹಾಡಿದರು. ನಿಜ ಹೇಳಬೇಕೆಂದರೆ ತುಂಬ ಚೆನ್ನಾಗಿ ಹಾಡಿದರು. ಫೋನೂ ಬರಲಿಲ್ಲ, ಗ್ಯಾಸಿನವನೂ ಬರಲಿಲ್ಲ.

ಚಪ್ಪಾಳೆಯ ನಡುವೆ ಸಂಘದ ಅಧ್ಯಕ್ಷರು ಮೈಕಿಗೆ ಬಂದರು. "ಈ ವಾದ್ಯವನ್ನು ಗಮನಿಸಿ. ಅರಿಶಿನ, ಕುಂಕುಮ! ನಮ್ಮ ನಾಡಧ್ವಜದ ಬಣ್ಣ. ಅದರ ಮೇಲೆ ನಮಗೆ ಅನ್ನ ಕೊಟ್ಟ ನೆಲದ ಲಿಪಿ. ಎರಡು ನಾಡನ್ನು ಒಂದು ಹಲಗೆಯ ಮೇಲೆ ಕೂಡಿಸಿದ್ದಾರೆ. ಎಷ್ಟು ಆಲೋಚಿಸಿ ಆರಿಸಿದ್ದಾರೆ ಈ ಹುಡುಗಿ!"

ನಾನು ತಲೆ ತಗ್ಗಿಸಿದೆ. ಅದನ್ನು ವಿನಯ ಎಂದುಕೊಂಡರು.

ನವೆಂಬರ್ 2ರಂದು ಸಾಕೆಟ್ಟುಗಳ ಸುತ್ತ ಬಣ್ಣ ಕೆರೆದೆ. ಯಂತ್ರಕ್ಕೆ ಜೀವ ಬಂತು. ಈಗ ಅದು ಕೊಳಲಿನಂತೆ, ದುಂಬಿಯಂತೆ, ಕಂಪನಿ ಬಸ್ಸಿನ ಬ್ರೇಕಿನಂತೆ ಬಗೆಬಗೆಯಾಗಿ ನುಡಿಯುತ್ತದೆ. ಶಾಂತಕ್ಕನನ್ನು ಮನೆಗೆ ಕರೆದು ಒಂದೊಂದಾಗಿ ಕೇಳಿಸಿದೆ. ಚಹಾ ಕುಡಿಯುತ್ತ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

"ಛಲೋ ಅದಾವ. ಆದ್ರ ಮುಂದಿನ ವರ್ಷ ಇವೆಲ್ಲ ಬ್ಯಾಡ. ಅವತ್ತಿಂದು ಹಚ್ಚವಾ."

ಅಂದಿನ ಡೈರಿಯಲ್ಲಿ ಲೆಕ್ಕ ಹೀಗಿದೆ. ಪರಿಶೀಲಿಸಿದ ಬಣ್ಣಗಳು 61. ಅದರಲ್ಲಿ ಹಳದಿ 0. ಬಣ್ಣದ ಆಯ್ಕೆ: ಬಾಬಾಯಿ. ಬರವಣಿಗೆ: ಬಾಬಾಯಿ. ಕೆಂಪು: ಶ್ರೀಕಾಂತ್. ಸ್ವರ: ವಿದ್ಯುತ್ ಇಲಾಖೆ. ನನ್ನ ಹೆಸರಿನ ಮುಂದೆ "ಸ್ವಿಚ್ ಹಾಕಿದ್ದು" ಎಂದು ಬರೆದೆ. ಪಕ್ಕದಲ್ಲಿ ಕೂತು ಓದುತ್ತಿದ್ದ ಶ್ರೀಕಾಂತ್ ಪೆನ್ನು ಕೇಳಿ ಪಡೆದು, ಅದರ ಪಕ್ಕ ಈ ಸಲ ತಪ್ಪಿಲ್ಲದ ಕನ್ನಡದಲ್ಲಿ ಸೇರಿಸಿದರು: "ನೆನಪಿಸಿದ ಮೇಲೆ."